ಕಿಟ್‌ನಲ್ಲಿ ಗೆರೆ ಗಾಢವಾಗುವ ಮುಂಚೆ ತಲೆಯಲ್ಲಿ ಏನಾಗುತ್ತದೆ?

ಮೊಗ್ಗಿನಜಡೆ:
ಮೂರು ತಿಂಗಳಿಂದ, ಮೊಟ್ಟೆ ಬಿಡುಗಡೆಯ ದಿನ ತಿಳಿಸುವ ಓವ್ಯುಲೇಷನ್ ಕಿಟ್ ಬಳಸುತ್ತಿದ್ದೇನೆ. ನಾಲ್ಕು ದಿನ ಎರಡನೇ ಗೆರೆ ಮಂಕಾಗಿಯೇ ಇತ್ತು, ನಿನ್ನೆ ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಮೊದಲ ಗೆರೆಗಿಂತ ಗಾಢವಾಯಿತು. ಡಾಕ್ಟರನ್ನು ಕೇಳಿದರೆ "ಎಲ್‌ಎಚ್ ಏರಿದೆ, ಅದು ಮೆದುಳಿನ ಸಿಗ್ನಲ್" ಎಂದು ಹೇಳಿ ಮುಂದಿನ ಟೋಕನ್ ಕರೆದರು. ಎಲ್‌ಎಚ್ ಅಂದರೆ ಮೊಟ್ಟೆ ಬಿಡುಗಡೆ ಮಾಡಿಸುವ ಹಾರ್ಮೋನು, ಕಿಟ್ ಹಿಡಿಯುವುದು ಅದನ್ನೇ. ಮೊಟ್ಟೆ ಇರುವುದು ಹೊಟ್ಟೆಯೊಳಗೆ, ಅದು ಬಲಿತಿದೆ ಅಂತ ತಲೆಗೆ ಗೊತ್ತಾಗುವುದು ಹೇಗೆ? ಅಂಡಾಶಯದ ಹಾರ್ಮೋನು ಈಸ್ಟ್ರೋಜನ್ ಎಲ್‌ಎಚ್ ಅನ್ನು ತಡೆಯುತ್ತದೆ ಅಂತ ಪಿಯುಸಿಯಲ್ಲಿ ಓದಿದ ನೆನಪು. ಹಾಗಿದ್ದರೆ ಈಸ್ಟ್ರೋಜನ್ ಜಾಸ್ತಿ ಇರುವ ಹೊತ್ತಿಗೇ ಇದು ಏರುವುದು ಯಾಕೆ?

ಲ್ಯಾಬ್‌ಕೋಟು:
ನೀವು ಓದಿದ್ದು ಸರಿ, ಆದರೆ ಅರ್ಧ. ತಿಂಗಳಲ್ಲಿ ಹೆಚ್ಚಿನ ದಿನ ಈಸ್ಟ್ರೋಜನ್ ಬ್ರೇಕೇ. ಬಲಿತ ಫಾಲಿಕಲ್ (ಮೊಟ್ಟೆ ಬೆಳೆಯುವ ಪುಟ್ಟ ಚೀಲ) ಅದನ್ನು ಒಂದೇ ಸಮನೆ ಸುರಿಸತೊಡಗಿ, ರಕ್ತದಲ್ಲಿ ಮಿಲಿಲೀಟರಿಗೆ ಸುಮಾರು 200 ಪಿಕೋಗ್ರಾಂ ದಾಟಿ, ಎರಡು ದಿನ ಹಾಗೇ ನಿಂತರೆ ಅದೇ ಬ್ರೇಕು ಆಕ್ಸಿಲರೇಟರ್ ಆಗಿಬಿಡುತ್ತದೆ. ಮೊಟ್ಟೆ ಬಲಿತ ಸುದ್ದಿ ತಲೆಗೆ ಮುಟ್ಟುವುದು ಹೀಗೆ.

ಮಜಾ ಇರುವುದು ಆಮೇಲೆ. ಎಲ್‌ಎಚ್ ಬಿಡು ಅಂತ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಹೇಳುವುದು ಮೆದುಳಿನ ತಳದ ಹೈಪೋಥಲಾಮಸ್‌ನಲ್ಲಿ ಚದುರಿಕೊಂಡಿರುವ, ಜಿಎನ್‌ಆರ್‌ಎಚ್ ಎಂಬ ಹಾರ್ಮೋನು ಬಿಡುವ ನರಕೋಶಗಳು. ಒಂದೆರಡು ಸಾವಿರ ಇರಬಹುದು, ಅಷ್ಟೇ. ಈ ಕೆಲಸಕ್ಕೆ ಬೇಕಾದ ಈಸ್ಟ್ರೋಜನ್ ಆಲ್ಫಾ ರಿಸೆಪ್ಟರ್ (ಈಸ್ಟ್ರೋಜನ್ ಬಂದು ಕೂರುವ ಗ್ರಾಹಕ) ಇವುಗಳಲ್ಲೇ ಇಲ್ಲ! ಅದು ಇರುವುದು ಕಿಸ್‌ಪೆಪ್ಟಿನ್ ಎಂಬ ಸಂದೇಶವಾಹಕ ಬಿಡುವ ಬೇರೆ ನರಕೋಶಗಳಲ್ಲಿ. ಅವು ಎಬ್ಬಿಸಿದರೆ ಇವು ಏಳುತ್ತವೆ. ಕಿಸ್‌ಪೆಪ್ಟಿನ್ ರಿಸೆಪ್ಟರಿನ ಜೀನ್ ಕೆಟ್ಟವರು ಪ್ರಾಯಕ್ಕೇ ಬರುವುದಿಲ್ಲ ಅಂತ ಗೊತ್ತಾಗಿದ್ದು 2003ರಲ್ಲಿ. ಅಂದಹಾಗೆ ಕಿಸ್‌ಪೆಪ್ಟಿನ್‌ನದೇ ಜೀನ್ ಸಿಕ್ಕಿದ್ದು ಅಮೆರಿಕದ ಚಾಕೊಲೇಟ್ ಊರು ಹರ್ಷಿಯಲ್ಲಿ, ಅಲ್ಲಿನ 'ಕಿಸಸ್' ಚಾಕೊಲೇಟಿನ ಹೆಸರನ್ನೇ ಇಟ್ಟರು. ಮುತ್ತಿಗೂ ಅದಕ್ಕೂ ಸಂಬಂಧವಿಲ್ಲ.

ಇಲಿಬೋನು:
ಎಲ್ಲವನ್ನೂ ಮೆದುಳಿನ ಖಾತೆಗೇ ಹಾಕಬೇಡಿ ಸಾರ್. 1980ರಲ್ಲಿ ವಿಜ್ಞಾನಿ ನೋಬಿಲ್ ಅವರ ತಂಡ ಹೈಪೋಥಲಾಮಸ್ ಕೆಡಿಸಿದ ರೀಸಸ್ ಕೋತಿಗಳಿಗೆ ಗಂಟೆಗೊಂದು ಸಲ ಅದೇ ಪ್ರಮಾಣದ ಜಿಎನ್‌ಆರ್‌ಎಚ್ ಕೊಡುತ್ತಾ ಹೋಯಿತು, ಏರಿಸಲಿಲ್ಲ, ಇಳಿಸಲಿಲ್ಲ. ಆದರೂ ಎಲ್‌ಎಚ್ ಏರಿತು, ಮೊಟ್ಟೆಯೂ ಬಿಡುಗಡೆಯಾಯಿತು. ಅಂದರೆ ಈಸ್ಟ್ರೋಜನ್ ಪಿಟ್ಯುಟರಿಯನ್ನೂ ನೇರವಾಗಿ ಹುರಿಗೊಳಿಸುತ್ತದೆ. ಇಲಿಯಲ್ಲಿ ಮಾತ್ರ ಮೆದುಳಿನದೇ ಯಜಮಾನಿಕೆ, ಅದೂ ಗಡಿಯಾರ ನೋಡಿಕೊಂಡು. ಎಲ್‌ಎಚ್ ಏರಬೇಕಾದ ದಿನ ಮಧ್ಯಾಹ್ನ ಎರಡಕ್ಕೆ ಮುಂಚೆ ಬಾರ್ಬಿಟ್ಯುರೇಟ್ ಎಂಬ ನಿದ್ದೆ ಔಷಧ ಕೊಟ್ಟು ಮಲಗಿಸಿದರೆ ಮೊಟ್ಟೆ ಸರಿಯಾಗಿ ಒಂದು ದಿನ ತಡ. ನಾಲ್ಕರ ನಂತರ ಕೊಟ್ಟರೆ ಏನೂ ಆಗುವುದಿಲ್ಲ, ಹೊರಟ ಬಸ್ಸು ಹೊರಟಿತು. ಇದನ್ನು 1950ರಲ್ಲೇ ತೋರಿಸಿದ್ದರು.

ಲ್ಯಾಬ್‌ಕೋಟು:
ಒಪ್ಪಿದೆ. ಆದರೆ ಗಂಟೆಗೊಂದು ಸಲ ಕೊಡುವುದಕ್ಕೂ ಯಾರಾದರೂ ಬೇಕಲ್ವಾ? ಅದು ಮೆದುಳೇ. ಜಿಎನ್‌ಆರ್‌ಎಚ್ ಅನ್ನು ಬಿಡುವು ಕೊಡದೆ ಒಂದೇ ಸಮ ಹರಿಸಿದರೆ ಎಲ್‌ಎಚ್ ನಿಂತೇ ಹೋಗುತ್ತದೆ ಅಂತ ತೋರಿಸಿದ್ದೂ ಅದೇ ನೋಬಿಲ್.

ಸಂಜೆಕಾಫಿ:
ಅಕ್ಕಾ, ಇವರಿಬ್ಬರ ಜಗಳ ಮುಗಿಯುವ ತನಕ ಕಾಯಬೇಡಿ. ಗೆರೆ ಗಾಢವಾದ ಮೇಲೆ ಸಾಮಾನ್ಯವಾಗಿ ಒಂದು, ಒಂದೂವರೆ ದಿನದೊಳಗೆ ಮೊಟ್ಟೆ ಹೊರಬರುತ್ತದೆ. ಪಿಸಿಓಎಸ್ (ಹಾರ್ಮೋನು ಏರುಪೇರಾಗುವ ಅಂಡಾಶಯದ ತೊಂದರೆ) ಇದ್ದರೆ ಮಾತ್ರ ಕಿಟ್ ನಂಬಿ ಕೂರಬೇಡಿ, ಎಲ್‌ಎಚ್ ಮೊದಲೇ ಜಾಸ್ತಿ ಇದ್ದು ಗೆರೆ ಸುಮ್‌ಸುಮ್ನೆ ಗಾಢವಾಗಬಹುದು. ನನಗೆ ಹಾಗೇ ಆಗಿ ಎರಡು ತಿಂಗಳು ಹಾಳಾಯಿತು, ಕೊನೆಗೆ ಸ್ಕ್ಯಾನ್‌ನಲ್ಲೇ ಗೊತ್ತಾಗಿದ್ದು.

ಮೊಗ್ಗಿನಜಡೆ:
ಅಯ್ಯೋ, ನನಗೂ ಪಿಸಿಓಎಸ್ ಇದೆ. ನಾಳೆ ಬೆಳಿಗ್ಗೆಯೇ ಸ್ಕ್ಯಾನ್‌ಗೆ ಹೋಗುತ್ತೇನೆ.