‘ಲ್ಯೂಕ್‌ವಾರ್ಮ್’ ಪದದೊಳಗಿನ ‘ಲ್ಯೂಕ್’ ಯಾರು?

ಪ್ರಶ್ನೆ, ಕಾರವಾರದಿಂದ:
ಬಚ್ಚಲ ಹಂಡೆಯ ಕುದಿನೀರಿಗೆ ತಣ್ಣೀರು ಬೆರೆಸಿ, ಬೆರಳದ್ದಿ ನೋಡಿ, ‘ಉಗುರುಬೆಚ್ಚಗಾಯಿತು’ ಎಂದು ನಾನು ಹೇಳಿದಾಗ, ಇದೇ ಅರ್ಥದ ಇಂಗ್ಲಿಷಿನ ‘ಲ್ಯೂಕ್‌ವಾರ್ಮ್’ ಸಂತ ಲೂಕನ ಹೆಸರಿನಿಂದ ಬಂದಿತೇ ಎಂದು ಮಗಳು ಕೇಳಿದಳು. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ, ಶಿರಸಿಯಿಂದ:
ಸಂತನಿಗೂ ಈ ಪದಕ್ಕೂ ಸಂಬಂಧವಿಲ್ಲ. ಮಧ್ಯಕಾಲೀನ ಇಂಗ್ಲಿಷಿನಲ್ಲಿ ‘ಲ್ಯೂಕ್’ ಎಂದರೇ ಉಗುರುಬೆಚ್ಚಗಿನ ಎಂಬ ಅರ್ಥವಿತ್ತು. ಒಂಟಿಯಾಗಿ ಬಳಕೆ ತಪ್ಪಿದ ಆ ಪದ ‘ವಾರ್ಮ್’ ಜೊತೆ ಸೇರಿ ಉಳಿದುಕೊಂಡಿದೆ. ನಮ್ಮ ‘ನಡುಮಧ್ಯೆ’ಯಂತೆ ಇದೂ ಒಂದು ದ್ವಿರುಕ್ತಿಯೇ ಎನ್ನಬಹುದು.

ಉತ್ತರ, ಕುಮಟಾದಿಂದ:
ಸಮಾನಾರ್ಥಕವಾದ ‘ಟೆಪಿಡ್’ ನನಗೆ ಇನ್ನಷ್ಟು ಸ್ವಾರಸ್ಯಕರವೆನಿಸುತ್ತದೆ. ಅದರ ಲ್ಯಾಟಿನ್ ಮೂಲವಾದ ‘ಟೆಪಿದುಸ್’ ಮತ್ತು ಸಂಸ್ಕೃತದ ‘ತಪ್’ ಧಾತು ಒಂದೇ ಬೇರಿನವಾದ್ದರಿಂದ, ನಮ್ಮ ತಾಪ, ತಾಪಮಾನ, ಅಷ್ಟೇಕೆ, ತಪಸ್ಸು ಕೂಡ ಅದಕ್ಕೆ ದೂರದ ನೆಂಟರು.