ನ್ಯೂ ಆರ್ಲಿಯನ್ಸ್‌ನಲ್ಲಿ ಮನೆ: ಲೆವಿ (ನೆರೆ ತಡೆಯುವ ಒಡ್ಡು) ನಂಬಿ ಫ್ಲಡ್ ಇನ್ಶೂರೆನ್ಸ್ ಬಿಡಬಹುದಾ?

ಹೊಸಬ_ಲೂಯಿಸಿಯಾನ:
ಕೆಲಸದ ಮೇಲೆ ನ್ಯೂ ಆರ್ಲಿಯನ್ಸ್‌ಗೆ ಬರುತ್ತಿದ್ದೇವೆ. ಎರಡು ಮನೆ ನೋಡಿದ್ದೇವೆ, ಒಂದು ಪಕ್ಕದ ಮೆಟೈರಿಯಲ್ಲಿ, ಇನ್ನೊಂದು ಸ್ವಲ್ಪ ದೂರದ ಲಾಪ್ಲಾಸ್‌ನಲ್ಲಿ (ಅಗ್ಗ, ಜಾಗವೂ ಜಾಸ್ತಿ). 2005ರ ಕತ್ರೀನಾ ಚಂಡಮಾರುತ ಆದಮೇಲೆ ಲೆವಿ, ಫ್ಲಡ್‌ಗೇಟ್ ಎಲ್ಲ ಗಟ್ಟಿ ಮಾಡಿದ್ದಾರೆ, ಮೆಟೈರಿ ಮನೆಗೆ ಬ್ಯಾಂಕ್‌ನವರೂ ಫ್ಲಡ್ ಇನ್ಶೂರೆನ್ಸ್ ಕೇಳಲ್ಲ ಅಂತಾರೆ ಏಜೆಂಟ್. ಮತ್ತೆ ಸುಮ್ನೆ ಯಾಕೆ ದುಡ್ಡು ಕಟ್ಟಬೇಕು?

ಸಿವಿಲ್_ರಾಯ:
ಕಟ್ಟಿರುವುದು ನಿಜ. 2005ರಲ್ಲಿ 17ನೇ ಸ್ಟ್ರೀಟ್ ಕಾಲುವೆಯ ಗೋಡೆ ನೀರು ಮೇಲೆ ಹರಿಯುವ ಮೊದಲೇ ಬುಡದ ಮಣ್ಣು ಜರುಗಿ ಒಡೆಯಿತು. ಒಟ್ಟು ಊರಿನ 80% ಮುಳುಗಿತು. ಆಮೇಲೆ ಸುಮಾರು 1,450 ಕೋಟಿ ಡಾಲರ್ ಸುರಿದರು. ಲೇಕ್ ಬೋರ್ನ್ ಹತ್ತಿರದ ತಡೆಗೋಡೆಯೇ 1.8 ಮೈಲಿ ಉದ್ದ, 26 ಅಡಿ ಎತ್ತರ. ಕಾಲುವೆಗಳ ಬಾಯಿಗೆ ಈಗ ಗೇಟು, ಪಂಪು ಇವೆ. ಆದರೆ ಇದೆಲ್ಲ ಲೆಕ್ಕ ಹಾಕಿರುವುದು "100 ವರ್ಷದ" ಚಂಡಮಾರುತಕ್ಕೆ, ಅಂದರೆ ಪ್ರತಿ ವರ್ಷವೂ 1% ಸಾಧ್ಯತೆ ಇರುವಂಥದ್ದಕ್ಕೆ. ನಿಮ್ಮ ಸಾಲ 30 ವರ್ಷದ್ದಾದರೆ ಅಷ್ಟರೊಳಗೆ ಅಂಥದ್ದು ಒಂದಾದರೂ ಬರುವ ಸಾಧ್ಯತೆ ಸುಮಾರು 26%. ಏಜೆಂಟ್ ಇದನ್ನ ಹೇಳಿದರಾ?

ಬಯೂ_ಭಟ್ಟ:
ಲಾಪ್ಲಾಸ್ ಬಗ್ಗೆ ಯಾರೂ ಮಾತಾಡಲಿಲ್ಲ. 2021ರಲ್ಲಿ ಐಡಾ ಚಂಡಮಾರುತ ಬಂದಾಗ ನ್ಯೂ ಆರ್ಲಿಯನ್ಸ್ ಸುತ್ತಲಿನ ಗೋಡೆ ತಡೆಯಿತು, ಕರೆಂಟ್ ಹೋಯ್ತು ಅಷ್ಟೆ. ಲಾಪ್ಲಾಸ್ ಆ ಗೋಡೆಯ ಆಚೆ ಇತ್ತು, ಪಾಂಟ್‌ಚಾರ್ಟ್ರೇನ್ ಸರೋವರದ ನೀರು ಮನೆಗಳಿಗೇ ನುಗ್ಗಿತು. ಅಲ್ಲಿಗೂ ಲೆವಿ ಕಟ್ಟುವ ಕೆಲಸ ಶುರುವಾಗಿದೆ, ಆದರೆ ಅದು ಪೂರ್ತಿ ಮುಗಿದಿದೆಯಾ ಅಂತ ವಿಚಾರಿಸದೆ ಅಡ್ವಾನ್ಸ್ ಕೊಡಬೇಡಿ. ಅಗ್ಗ ಯಾಕೆ ಅಂತ ಗೊತ್ತಾಯ್ತಲ್ವಾ?

ಗೊಣಗಪ್ಪ:
ಮಿಸಿಸಿಪ್ಪಿ ನದಿಗೆ ಲೆವಿ ಕಟ್ಟಿ ಹೂಳು ಜೌಗಿಗೆ ಹೋಗದ ಹಾಗೆ ಮಾಡಿದ್ದೂ ಈ ಎಂಜಿನಿಯರ್‌ಗಳೇ. ಸಮುದ್ರದ ನೀರಿನ ರಭಸ ಮುರಿಯುತ್ತಿದ್ದದ್ದು ಆ ಜೌಗು. ಅದು ಕರಗುತ್ತಿದೆ, ಇವರು ಗೋಡೆ ಎತ್ತರಿಸುತ್ತಿದ್ದಾರೆ.

ಸಿವಿಲ್_ರಾಯ:
ಗೊಣಗಪ್ಪನವರೇ, ಒಪ್ಪಿದೆ, ಆದರೆ ಈಗ ಇರುವ ಜನರನ್ನ ಗೋಡೆ ಇಲ್ಲದೆ ಬಿಡೋಕಾಗುತ್ತಾ?

ಹೊಸಬ_ಲೂಯಿಸಿಯಾನ:
ಲಾಪ್ಲಾಸ್ ಸದ್ಯಕ್ಕೆ ಬಿಟ್ಟೆವು. ಮೆಟೈರಿಗೆ ಪಾಲಿಸಿ ಬೇಕೇ ಬೇಕಾ?

ಬಯೂ_ಭಟ್ಟ:
ಬೇಕು. ಊರು ಬಟ್ಟಲಿನ ಹಾಗಿದೆ, ಒಳಗೆ ಬಿದ್ದ ಮಳೆ ನೀರನ್ನೂ ಪಂಪ್ ಮಾಡಿಯೇ ಹೊರಹಾಕಬೇಕು. ಸರ್ಕಾರಿ ಪಾಲಿಸಿ ಸಾಮಾನ್ಯವಾಗಿ 30 ದಿನ ಆದಮೇಲೇ ಜಾರಿಗೆ ಬರುತ್ತೆ, ಹಾಗಾಗಿ ಚಂಡಮಾರುತದ ಕಾಲ ಶುರುವಾಗುವ ಜೂನ್‌ಗೆ ಸಾಕಷ್ಟು ಮೊದಲೇ ಮಾಡಿಸಿ. ಮನೆ ಸಾಮಾನಿಗೆ ಬೇರೆ ಸೇರಿಸಬೇಕು, ಮರೀಬೇಡಿ.