ರಾಜೀನಾಮೆ ಕೊಟ್ಟು ಪಕ್ಷ ಬದಲಿಸಿದ ಶಾಸಕರಿಗೆ ಅನರ್ಹತೆ ಎಲ್ಲಿಯವರೆಗೆ?

ಪ್ರಶ್ನೆ:
2019ರ ಜುಲೈಯಲ್ಲಿ ಅಂದಿನ ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್ ಅವರು ಕರ್ನಾಟಕದ 17 ಶಾಸಕರನ್ನು ಅನರ್ಹಗೊಳಿಸಿದರು. ವರ್ಷ ತುಂಬುವುದರೊಳಗೆ ಅವರಲ್ಲಿ ಹಲವರು ಬಿಜೆಪಿ ಸರ್ಕಾರದಲ್ಲಿ ಮಂತ್ರಿಗಳಾದರು. ಎಚ್. ವಿಶ್ವನಾಥ್ ಅವರಿಗಾದರೋ ವಿಧಾನ ಪರಿಷತ್ತಿನ ಸದಸ್ಯತ್ವ ದೊರೆತ ಮೇಲೂ ಆ ಅವಕಾಶ ಸಿಗಲಿಲ್ಲ. ಒಂದೇ ಬಗೆಯ ಆದೇಶಕ್ಕೆ ಒಳಗಾದವರ ಹಾದಿ ಹೀಗೆ ಕವಲೊಡೆದದ್ದು ಹೇಗೆ? ಹೆಚ್ಚಿನವರು ಮೊದಲೇ ರಾಜೀನಾಮೆ ಸಲ್ಲಿಸಿದ್ದರೂ ಅನರ್ಹತೆ ತಗುಲಿದ್ದೇಕೆ?

ಉತ್ತರ 1:
ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ. 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಬಂದ ಸಂವಿಧಾನದ ಹತ್ತನೇ ಅನುಸೂಚಿಯ ಪ್ರಕಾರ, ವಿಪ್ (ಸದನದಲ್ಲಿ ಹೇಗೆ ಮತ ಹಾಕಬೇಕೆಂದು ಪಕ್ಷ ಕೊಡುವ ಸೂಚನೆ) ಉಲ್ಲಂಘಿಸಿದವರಷ್ಟೇ ಅಲ್ಲ, ಪಕ್ಷದ ಸದಸ್ಯತ್ವವನ್ನು ಸ್ವಇಚ್ಛೆಯಿಂದ ತ್ಯಜಿಸಿದವರೂ ಅನರ್ಹರಾಗುತ್ತಾರೆ. ಪಕ್ಷಕ್ಕೆ ಲಿಖಿತ ರಾಜೀನಾಮೆ ಕೊಡದಿದ್ದರೂ, ನಡವಳಿಕೆಯಿಂದಲೇ ಸದಸ್ಯತ್ವ ತ್ಯಜಿಸಿದ್ದನ್ನು ನಿರ್ಣಯಿಸಬಹುದು ಎಂದು ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿತ್ತು. ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅದಕ್ಕೂ ಮೊದಲು ನಡೆದ ಪಕ್ಷಾಂತರ ಅಳಿಸಿಹೋಗುವುದಿಲ್ಲ. ಈ ಕಾರಣದಿಂದಲೇ ಸುಪ್ರೀಂ ಕೋರ್ಟಿನ 2019ರ ನವೆಂಬರ್ 13ರ ತೀರ್ಪು ಈ 17 ಮಂದಿಯ ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಸ್ಪರ್ಧಿಸಬಾರದೆಂದು ಸಭಾಧ್ಯಕ್ಷರು ವಿಧಿಸಿದ್ದ ನಿರ್ಬಂಧವನ್ನು ಮಾತ್ರ ರದ್ದುಪಡಿಸಿತು. ಆ ಶಾಸಕರ ರಾಜಕೀಯ ಜೀವನ ಉಳಿದದ್ದು ಈ ಒಂದು ಭಾಗದಿಂದ ಎಂಬುದು ನನ್ನ ಅಭಿಪ್ರಾಯ.

ಉತ್ತರ 2:
ಹಾದಿ ಕವಲೊಡೆದದ್ದು 164(1ಬಿ) ವಿಧಿಯಲ್ಲಿ. 2003ರ 91ನೇ ತಿದ್ದುಪಡಿ ಸೇರಿಸಿದ ಈ ವಿಧಿಯಂತೆ, ಪಕ್ಷಾಂತರದಿಂದ ಅನರ್ಹನಾದವನು ತನ್ನ ಸದಸ್ಯತ್ವದ ಅವಧಿ ಮುಗಿಯುವವರೆಗೆ, ಇಲ್ಲವೇ ಅದಕ್ಕೂ ಮೊದಲು ಚುನಾವಣೆಗೆ ನಿಂತು ಗೆದ್ದನೆಂದು ಘೋಷಣೆಯಾಗುವವರೆಗೆ, ಮಂತ್ರಿಯಾಗುವಂತಿಲ್ಲ. 2019ರ ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆದು, ಅನರ್ಹಗೊಂಡವರಲ್ಲಿ 11 ಮಂದಿ ಬಿಜೆಪಿಯಿಂದ ಗೆದ್ದರು. 2020ರ ಫೆಬ್ರುವರಿ 6ರಂದು ಅವರಲ್ಲಿ ಹತ್ತು ಮಂದಿ ಪ್ರಮಾಣವಚನ ಸ್ವೀಕರಿಸಿದರು. ಹುಣಸೂರಿನಲ್ಲಿ ವಿಶ್ವನಾಥ್, ಹೊಸಕೋಟೆಯಲ್ಲಿ ಎಂ.ಟಿ.ಬಿ. ನಾಗರಾಜ್ ಸೋತರು. ನಾಗರಾಜ್ ಪರಿಷತ್ತಿಗೆ ಚುನಾಯಿತರಾಗಿ 2021ರ ಜನವರಿಯಲ್ಲಿ ಮಂತ್ರಿಯಾದರು. ವಿಶ್ವನಾಥ್ ಪರಿಷತ್ತಿಗೆ ಬಂದದ್ದು ನಾಮನಿರ್ದೇಶನದಿಂದ.

ಪ್ರಶ್ನೆ ಕೇಳಿದವರು:
ಪರಿಷತ್ತಿನ ಸದಸ್ಯತ್ವ ಇಬ್ಬರಿಗೂ ಒಂದೇ ಅಲ್ಲವೇ? ನಾಮನಿರ್ದೇಶನಕ್ಕೆ ಏಕೆ ಕಡಿಮೆ ಬೆಲೆ?

ಉತ್ತರ 2 ಬರೆದವರು:
ಸದನದೊಳಗಿನ ಸ್ಥಾನ ಒಂದೇ. ಆದರೆ ವಿಧಿಯಲ್ಲಿರುವ ಮಾತು 'ಚುನಾಯಿತ' ಎಂದು. 2020ರ ನವೆಂಬರ್ 30ರಂದು ಕರ್ನಾಟಕ ಹೈಕೋರ್ಟ್ ಇದನ್ನೇ ಆಧಾರವಾಗಿಟ್ಟುಕೊಂಡು ವಿಶ್ವನಾಥ್ ಮಂತ್ರಿಯಾಗಲು ಅರ್ಹರಲ್ಲ ಎಂದಿತು. ದಶಕಗಳ ಕಾಲ ಕಾಂಗ್ರೆಸ್ಸಿನಲ್ಲಿದ್ದು, 2017ರಲ್ಲಿ ಜೆಡಿಎಸ್ ಸೇರಿ ಅದರ ರಾಜ್ಯಾಧ್ಯಕ್ಷರೂ ಆಗಿದ್ದ ಅನುಭವಿಯೊಬ್ಬರ ಮುಂದಿನ ದಾರಿಯನ್ನು ಈ ಒಂದು ಪದ ತಡೆಯಿತು. ಅದು ಸರಿಯಾದ ನಿರ್ಣಯವೆಂದೇ ನಾನು ನಂಬುತ್ತೇನೆ, ಏಕೆಂದರೆ ಸರ್ಕಾರದ ಸಲಹೆಯಂತೆ ಆಗುವ ನಾಮನಿರ್ದೇಶನವೂ ಸಾಕೆಂದಾದರೆ ಆ ವಿಧಿಗೆ ಅರ್ಥವೇ ಉಳಿಯುವುದಿಲ್ಲ.

ಉತ್ತರ 3:
ಶಾಸಕರ ಗತಿಯ ಜೊತೆಗೆ ಮತದಾರರ ಗತಿಯನ್ನೂ ಗಮನಿಸಬೇಕೆಂದು ಕೋರುತ್ತೇನೆ. 2018ರ ಫಲಿತಾಂಶದ ಕುರಿತ ತಕರಾರು ಅರ್ಜಿಗಳು ಹೈಕೋರ್ಟಿನಲ್ಲಿ ಬಾಕಿಯಿದ್ದ ಕಾರಣ ರಾಜರಾಜೇಶ್ವರಿ ನಗರ ಮತ್ತು ಮಸ್ಕಿಯಲ್ಲಿ ಉಳಿದ ಕ್ಷೇತ್ರಗಳೊಂದಿಗೆ ಮತದಾನ ನಡೆಯಲಿಲ್ಲ. ಮಸ್ಕಿಯಲ್ಲಿ ಉಪಚುನಾವಣೆ ನಡೆದದ್ದು 2021ರ ಏಪ್ರಿಲ್‌ನಲ್ಲಿ. ಅನರ್ಹಗೊಂಡಿದ್ದ ಪ್ರತಾಪಗೌಡ ಪಾಟೀಲರು ಅಲ್ಲಿ ಬಿಜೆಪಿಯಿಂದ ನಿಂತು ಸೋತರು. ಆ ವೇಳೆಗೆ ಕ್ಷೇತ್ರದ ಜನರು ಶಾಸಕರಿಲ್ಲದೆ ಸುಮಾರು 21 ತಿಂಗಳು ಕಳೆದಿದ್ದರು.